ನೆಲ ಮುಟ್ಟದ ಮಳೆಯ ಮೂರು ಹನಿ

ಹವಾಮಾನ ಹೇಳುವ ಕೆಲಸಕ್ಕೆ ಸೇರುವ ನಮ್ಮವರ ಮಕ್ಕಳು ಆಗಾಗ ಲಂಡನ್ ಅಂಚಿನ ಪಿನ್ನರ್‌ನಲ್ಲಿರುವ ನಮ್ಮ ಮನೆಗೆ ಬರುತ್ತಾರೆ. "ಸುಮಿತ್ರಾ ಆಂಟಿ ಹತ್ರ ಹೋಗಿ ಕೇಳು" ಅಂತ ಅಮ್ಮಂದಿರು ಕಳಿಸಿರುತ್ತಾರೆ. ಕಾಫಿ ಲೋಟ ಕೈಗೆ ಕೊಡುವ ಮೊದಲೇ ಎಲ್ಲರದೂ ಒಂದೇ ಪ್ರಶ್ನೆ: "ಆಂಟಿ, ಅಷ್ಟು ವರ್ಷ ಡೆಸರ್ಟ್ ಡೆಸ್ಕ್‌ನಲ್ಲಿ ಇದ್ರಲ್ಲ, ಹೌ ಮೆನಿ ಟೈಮ್ಸ್ ಅಲ್ಲಿಗೆ ಹೋಗಿದ್ರಿ?"

ಒಂದು ಸಲವೂ ಹೋಗಿಲ್ಲ. ಹಾಗಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ, ಚಕ್ಕುಲಿ ಕೊಟ್ಟು ಸಮಾಧಾನ ಮಾಡಬೇಕಾಗುತ್ತದೆ. ಈಗ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೇನಲ್ಲ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದಿಟ್ಟರಾಯಿತು ಅನ್ನಿಸಿದೆ. ಬಡ್ತಿಯ ಕಥೆ ಇದರಲ್ಲಿಲ್ಲ. ಬಡ್ತಿ ಬಂದಾಗ ಕುರ್ಚಿಗೆ ಕೈಹಿಡಿ ಬಂತು, ಅಷ್ಟೇ.

ನಮ್ಮದು ಅಕ್ಸ್‌ಬ್ರಿಡ್ಜ್‌ನಲ್ಲಿ, ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಖಾಸಗಿ ಕಂಪನಿ. ಯಾರು ಯಾವ ಜಾಗದ ಹವಾಮಾನ ಕೇಳುತ್ತಾರೋ ಅವರಿಗೆ ಆ ಜಾಗದ್ದು ಹೇಳುವುದು ನಮ್ಮ ಕೆಲಸ. ಕಿಟಕಿ ಪಕ್ಕದ ಮೇಜಿನವರು ಮೀನಿನ ದೋಣಿಗಳಿಗೆ ಗಾಳಿ ಹೇಳುತ್ತಿದ್ದರು. ನಡುವಿನವರು ಕುದುರೆ ಓಡುವ ಮೈದಾನಗಳಿಗೆ ಮಂಜು ಹೇಳುತ್ತಿದ್ದರು. ಮೂಲೆಯಲ್ಲಿ, ರೇಡಿಯೇಟರ್ ಪಕ್ಕ, ನಾನು ಮತ್ತು ಬಸವರಾಜ ಅಮೆರಿಕದ ಪಶ್ಚಿಮದಲ್ಲಿರುವ ಒಂದು ಎತ್ತರದ ಮರುಭೂಮಿಗೆ ಬಿಸಿಲು ಹೇಳುತ್ತಿದ್ದೆವು. ಆಫೀಸಿನವರೆಲ್ಲ ಒದ್ದೆ ಕೋಟು ಒಣಗಿಸಲು ಅದೇ ರೇಡಿಯೇಟರ್‌ಗೆ ತಂದು ಹಾಕುತ್ತಿದ್ದರು. ನಾನು "ಗಾಳಿಯಲ್ಲಿ ತೇವ ಲವಲೇಶವೂ ಇಲ್ಲ" ಎಂದು ಬರೆಯುವಾಗ ಯಾರದೋ ಕೋಟಿನ ತೋಳಿನಿಂದ ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿರುತ್ತಿತ್ತು.

ಎತ್ತರದ ಮರುಭೂಮಿ ಎಂದರೆ ಮರಳದಿಬ್ಬ, ಒಂಟೆ ಎಂದುಕೊಳ್ಳಬೇಡಿ. ಬೆಟ್ಟದಷ್ಟು ಎತ್ತರದಲ್ಲಿ ಹಾಸಿಕೊಂಡಿರುವ ಬಯಲು ಅದು. ಬೂದುಬಣ್ಣದ ಪೊದೆಗಳು, ಅಲ್ಲಲ್ಲಿ ಕುಳ್ಳಗಿನ ಜುನಿಪರ್ ಮರ, ಒಣಹುಲ್ಲು, ದನ. ನಮ್ಮನ್ನು ನೇಮಿಸಿಕೊಂಡಿದ್ದು ಅಲ್ಲಿನ ದನ ಸಾಕುವವರ ಸಂಘ. ಬೇಸಿಗೆಯ ಆರಂಭದಲ್ಲಿ ಅಲ್ಲಿ ಬೆಳಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬಾಗಿಲಿನ ಹಿಡಿಕೆ ಮುಟ್ಟಿದರೆ ಕೈ ಸುಡುತ್ತದೆ. ಮಧ್ಯಾಹ್ನ ಕಳೆದ ಮೇಲೆ ದಿಣ್ಣೆಗಳ ಮೇಲೆ ಮೋಡ ಹೂಕೋಸಿನ ಹಾಗೆ ಉಬ್ಬುತ್ತದೆ, ಗುಡುಗುತ್ತದೆ, ಮಳೆ ಹೊರಡುತ್ತದೆ. ಹೊರಟ ಮಳೆ ನೆಲಕ್ಕೆ ಬರುವುದಿಲ್ಲ. ಗಾಳಿ ಅಷ್ಟು ಒಣಗಿರುವುದರಿಂದ ದಾರಿಯಲ್ಲೇ ಆರಿಹೋಗುತ್ತದೆ. ನೆಲ ಮುಟ್ಟುವುದು ಸಿಡಿಲು ಮಾತ್ರ, ಅದೂ ಒಣಹುಲ್ಲಿನ ಮೇಲೆ.

ಅಲ್ಲಿಗೂ ಲಂಡನ್‌ಗೂ ಎಂಟು ಗಂಟೆ ವ್ಯತ್ಯಾಸ. ನಾವು ನಾಲ್ಕರ ಚಹಾ ಕುಡಿಯುವಾಗ ಅಲ್ಲಿ ಬೆಳಗಿನ ತಿಂಡಿ. ನಾವು ಪಾಳಿ ಮುಗಿಸಿ ಟ್ಯೂಬ್ ರೈಲು ಹಿಡಿಯುವಾಗ ಅಲ್ಲಿ ಇನ್ನೂ ಮೋಡವೇ ಕಟ್ಟಿರುವುದಿಲ್ಲ. ಅಂದರೆ ನಾವು ಹೇಳಿದ ಹವಾಮಾನ ನಡೆಯುವಾಗ ನಾವು ಗೊರಕೆ ಹೊಡೆಯುತ್ತಿದ್ದೆವು. ಇನ್ನು ಬೆಳಗ್ಗೆ ನನ್ನ ಗಂಡ ಕೆಲಸಕ್ಕೆ ಹೊರಡುತ್ತಾ, "ಇವತ್ತು ಕೊಡೆ ಬೇಕಾ?" ಎಂದು ಕೇಳಿದರೆ ನನಗೆ ಪಿನ್ನರ್‌ನ ಸುದ್ದಿ ಏನೇನೂ ಗೊತ್ತಿರುತ್ತಿರಲಿಲ್ಲ. "ಎಂತ ಮಾರಾಯ್ತಿ, ಸಂಬಳ ಕೊಡೂದು ಎಂತಕ್ಕೆ ನಿಂಗೆ?" ಎಂದು ಬಯ್ದುಕೊಂಡೇ ನೆನೆದು ಬರುತ್ತಿದ್ದರು.

ಬಸವರಾಜ ರಾಯಚೂರಿನವನು. ಮಗಳ ಶಾಲೆಗೆಂದು ಸಟನ್‌ನಲ್ಲಿ ಮನೆ ಮಾಡಿ, ದಿನಾ ಲಂಡನ್ನಿನ ಅರ್ಧ ಪ್ರದಕ್ಷಿಣೆ ಹಾಕಿ ಅಕ್ಸ್‌ಬ್ರಿಡ್ಜ್‌ಗೆ ಬರುತ್ತಿದ್ದ. ನಾನು ಕುಂದಾಪುರದವಳು. ನಮ್ಮಲ್ಲಿ ಗುಡುಗು ಎಂದರೆ ಅಂಗಳಕ್ಕೆ ಓಡಿ ಹಪ್ಪಳ, ಬಟ್ಟೆ ಒಳಗೆ ತರುವುದು ಎಂದೇ ಅರ್ಥ. ಪರದೆಯ ನಕ್ಷೆಯಲ್ಲಿ ಅಲ್ಲಿನ ಸಂಜೆಗೆ ಸಿಡಿಲಿನ ಚುಕ್ಕೆಗಳು ಮೂಡಿದರೆ ಸಾಕು, ಸಾವಿರಾರು ಮೈಲಿ ಆಚೆಯ, ಇನ್ನೂ ಗುಡುಗದ ಗುಡುಗಿಗೆ ನಾನು ಅರ್ಧ ಎದ್ದು ನಿಂತಿರುತ್ತಿದ್ದೆ.

"ಕುಂಡ್ರಿ ಅಕ್ಕಾರ," ಎನ್ನುತ್ತಿದ್ದ ಬಸವರಾಜ. "ಬರೇ ಗುಡಗತೈತಿ, ಮಳಿ ಬರಂಗಿಲ್ಲ. ನಮ್ಮ ಕಡೆ ಮೋಡಾನೂ ಹಿಂಗ, ಮಾತು ಭಾಳ."

ಆ ಬಯಲಿನಲ್ಲಿ ನಮಗೆ ಗೊತ್ತಿದ್ದ ಜೀವ ಒಂದೇ, ಡೊಲೊರೆಸ್. ಎಪ್ಪತ್ತರ ಹತ್ತಿರದ ಹೆಂಗಸು. ಬೇಸಿಗೆ ಪೂರ್ತಿ ಒಂದು ದಿಣ್ಣೆಯ ತುದಿಯಲ್ಲಿ, ಮರದ ಕಾವಲು ಗೋಪುರದಲ್ಲಿ ಒಬ್ಬಳೇ ಇದ್ದು, ಎಲ್ಲಿ ಹೊಗೆ ಎದ್ದಿತು ಎಂದು ನೋಡಿ ತಿಳಿಸುವುದು ಅವಳ ಕೆಲಸ. ಗೋಪುರದಲ್ಲಿ ಅವಳಿಗೊಂದು ಸ್ಟೂಲು. ಅದರ ಕಾಲುಗಳಿಗೆ ಗಾಜಿನ ಗುಬುಟು. ಸಿಡಿಲು ಶುರುವಾದರೆ ಅದರ ಮೇಲೆ ಕಾಲು ಎತ್ತಿಕೊಂಡು ಕೂತುಬಿಡಬೇಕು, ಗೋಪುರಕ್ಕೆ ಹೊಡೆದರೂ ಮೈಗೆ ಹರಿಯಬಾರದು ಎಂದು. ದಿನಾ ನಮ್ಮ ಚಹಾ ಹೊತ್ತಿಗೆ ಅವಳ ಫೋನು, ಹಿಂದಿನ ದಿನ ನಿಜವಾಗಿ ಏನಾಯಿತು ಎಂದು ಹೇಳಲು. ಅವಳು ಮಾತಾಡುತ್ತಿದ್ದುದು ಇಂಗ್ಲಿಷೇ, ಆದರೆ ಎಳೆದ ರಾಗ, ಬೈಗುಳ ಎಲ್ಲ ಕುಂದಾಪುರದ ನಮ್ಮ ದೊಡ್ಡಮ್ಮನ ಪಡಿಯಚ್ಚು. ನನ್ನ ಕಿವಿಗೆ ಕೇಳಿಸಿದ ಹಾಗೇ ಬರೆಯುತ್ತೇನೆ; ನಮ್ಮಲ್ಲಿ ಕಾಂಬುದು ಎಂದರೆ ನೋಡುವುದು.

"ಹ್ವಾಯ್, ನಿನ್ನ ಮಳಿ ಕಾಂತಾ ಇದ್ದೆ ಮಾರಾಯ್ತಿ. ಮೇಲೇ ನೇತಾಡ್ತಾ ಇತ್ತ್. ಅದನ್ನ ಕೆಳಗಿಳ್ಸುಕೆ ನಿಮ್ಮಲ್ಲಿ ಯಾರೂ ಇಲ್ಲ್ಯಾ?"

ನಾನು ಸೇರಿದ ಕಾಲದಲ್ಲಿ ನಾವು ವಾಕ್ಯ ಬರೆದು ಕಳಿಸುತ್ತಿದ್ದೆವು. "ಸಂಜೆ ಗುಡುಗು, ಮಳೆಯಿಲ್ಲ" ಎಂದರೆ ಮುಗಿಯಿತು. ಆಮೇಲೆ ಜನಕ್ಕೆ ಓದಲು ಪುರುಸೊತ್ತಿಲ್ಲ ಎಂದು ಚಿತ್ರಗಳು ಬಂದವು. ಸೂರ್ಯ, ಮೋಡ, ಮಂಜು, ಹಿಮ, ಮತ್ತು ಗುಡುಗಿಗೆ ಮೋಡ, ಮಿಂಚು, ಕೆಳಗೆ ಮೂರು ಹನಿ. ಹನಿ ಇಲ್ಲದ ಮಿಂಚು ಪಟ್ಟಿಯಲ್ಲೇ ಇರಲಿಲ್ಲ. ಗುಡುಗು ಒತ್ತಿದರೆ ಹನಿ ಬಂದೇ ಬರುತ್ತದೆ, ಜೊತೆಗೆ "ಕೊಡೆ ಒಯ್ಯಿರಿ" ಎಂಬ ಸಾಲು ತಾನಾಗಿಯೇ ಅಂಟಿಕೊಳ್ಳುತ್ತದೆ.

ಇದರಲ್ಲೇನು ಅನಾಹುತ ಎನ್ನುತ್ತೀರಿ. ಸಂಘದ ಹತ್ತಿರ ಇದ್ದದ್ದು ಒಂದೇ ಲಾರಿ, ಓಡಿಸುವವನು ಹ್ಯಾಂಕ್. ಸಿಡಿಲಿನ ದಿನ ಆ ಲಾರಿ ನೀರು ತುಂಬಿಕೊಂಡು ಗೋಪುರದ ಬುಡದಲ್ಲಿ ನಿಲ್ಲಬೇಕು, ಬೆಂಕಿ ಎದ್ದರೆ ಡೊಲೊರೆಸ್‌ಗೆ ಇಳಿದು ಬರಲು ದಾರಿ ಇರಲಿ ಎಂದು. ಗೋಪುರಕ್ಕೆ ಇರುವುದು ಒಂದೇ ರಸ್ತೆ, ಇಕ್ಕೆಲದಲ್ಲೂ ಸೊಂಟದೆತ್ತರ ಒಣಹುಲ್ಲು. ಆದರೆ ಹಿಂದೊಮ್ಮೆ ಮಳೆಯಲ್ಲಿ ಲಾರಿ ಕೆಸರಿಗೆ ಹೂತುಹೋಗಿತ್ತಂತೆ. ಅಂದಿನಿಂದ ಸಂಘದ ನಿಯಮ: ಚಿತ್ರದಲ್ಲಿ ಮಳೆ ಇದ್ದರೆ ಲಾರಿ ಊರು ಬಿಟ್ಟು ಹೊರಡಕೂಡದು. ನಮ್ಮ ಮೂರು ಹನಿ ನೋಡಿ ಹ್ಯಾಂಕ್ ಲಾರಿ ನಿಲ್ಲಿಸಿ ಮನೆಗೆ ಹೋಗುತ್ತಿದ್ದ. ಸಿಡಿಲು ಹೊಡೆಯುವ ದಿನಗಳಲ್ಲೇ ಸರಿಯಾಗಿ ಆ ಹೆಂಗಸು ಒಣಹುಲ್ಲಿನ ನಡುವೆ ಒಬ್ಬಳೇ.

ನಾನೇ ಅವನಿಗೆ ಫೋನ್ ಮಾಡಿದೆ. "ಹ್ಯಾಂಕ್, ಮಳೆ ಬರೋದಿಲ್ಲ. ನೀವು ಹೋಗಿ."

"ಮೇಡಂ, ನೀವು ಯಾರು?"

"ಆ ಚಿತ್ರ ಕಳಿಸೋಳು ನಾನೇ."

"ಹಾಗಾದ್ರೆ ನೀವೇ ಮಳೆ ಅಂತ ಕಳಿಸಿದ್ದೀರಲ್ಲ," ಎಂದ ಹ್ಯಾಂಕ್. "ಚಿತ್ರವನ್ನ ನಂಬ್ಲೋ, ನಿಮ್ಮನ್ನ ನಂಬ್ಲೋ?"

ಗುಡುಗಿನ ಬದಲು ಸೂರ್ಯ ಒತ್ತಿದರೆ? ಸೂರ್ಯ ಇದ್ದ ದಿನ ಲಾರಿ ಗೊಬ್ಬರ ಹೊರಲು ಹೋಗುತ್ತಿತ್ತು.

ಹಾಗಾಗಿ ಕ್ಲೈವ್ ಹತ್ತಿರ ಹೋದೆವು. ಕ್ಲೈವ್ ನಮ್ಮ ಮುಖ್ಯಸ್ಥ, ಒಳ್ಳೆಯ ಮನುಷ್ಯ, ಯಾರ ಹುಟ್ಟುಹಬ್ಬವನ್ನೂ ಮರೆತವನಲ್ಲ. ಅವನದೊಂದು ಸಿದ್ಧಾಂತ ಇತ್ತು. "ಸುಮಿ, ಕೊಡೆ ಸುಮ್ಮನೆ ಹೊತ್ತುಕೊಂಡು ಹೋದವನು ಯಾವತ್ತೂ ನಮಗೆ ಫೋನ್ ಮಾಡಿ ಬಯ್ಯುವುದಿಲ್ಲ. ಕೊಡೆ ಇಲ್ಲದೆ ನೆನೆದವನು ಬಯ್ಯುತ್ತಾನೆ. ಆದ್ದರಿಂದ ಹನಿ ಇರಲಿ."

"ಅಲ್ಲಿ ಯಾರ ಹತ್ತಿರವೂ ಕೊಡೆಯೇ ಇಲ್ಲ ಕ್ಲೈವ್."

"ನೋಡಿದೆಯಾ," ಎಂದ, "ಅಂಥವರಿಗೆ ಇನ್ನೂ ಮುಂಚೆ ಹೇಳಬೇಕು."

ಆ ವಾರವೇ ಅಕ್ಸ್‌ಬ್ರಿಡ್ಜ್‌ನಲ್ಲೂ ಸೆಕೆ ಏರಿ ಮಧ್ಯಾಹ್ನ ಗುಡುಗಿತು. ಕ್ಲೈವ್ ಕೊಡೆ ಬಿಚ್ಚಿಕೊಂಡು ಸ್ಯಾಂಡ್‌ವಿಚ್ ತರಲು ಹೋದ. ಒಂದು ಹನಿಯೂ ಬೀಳಲಿಲ್ಲ. ಬಿಸಿಲಿನಲ್ಲಿ ಬಿಚ್ಚಿದ ಕೊಡೆಯ ಕೆಳಗೆ ನಡೆದು ವಾಪಸು ಬಂದ. ಸಾಕ್ಷಿ ಕಣ್ಣೆದುರೇ ಸಿಕ್ಕಿತಲ್ಲ ಎಂದು ನಾನು ಎದ್ದು ನಿಂತೆ. ಅವನು ಕೊಡೆ ಮಡಿಸುತ್ತಾ, "ನೋಡು ಸುಮಿ, ಕೊಡೆ ಇತ್ತು, ನೆನೆಯಲಿಲ್ಲ" ಎಂದ. ನಾನು ಕೂತೆ.

ಆದರೂ ಅವನು ವಿಷಯವನ್ನು ಚಿತ್ರ ಸಮಿತಿಗೆ ಕಳಿಸಿದ. ಸಮಿತಿ ಗಾಜಿನ ಕೋಣೆಯಲ್ಲಿ ಬುಧವಾರ ಸೇರುತ್ತಿತ್ತು. ಚಿತ್ರಗಳನ್ನು ಬರೆದ ಫಿಯೋನಾ ಅಲ್ಲಿ ಖಾಯಂ ಸದಸ್ಯೆ. ಹನಿ ತೆಗೆಯುವುದು ಎಂದ ಕೂಡಲೇ ಅವಳು ನೊಂದುಕೊಂಡಳು. "ಹನಿ ಇಲ್ಲದ ಮಿಂಚು ನೋಡಿದರೆ ಜನ ಕರೆಂಟ್ ಹೋಗುತ್ತದೆ ಅಂದುಕೊಳ್ಳುತ್ತಾರೆ." ಸಮುದ್ರದ ಮೇಜಿನವರು, ಮರುಭೂಮಿಗೆ ಹನಿ ಕಡಿಮೆ ಮಾಡಿದರೆ ತಮ್ಮ ಸಮುದ್ರ ವಿಪರೀತ ಒದ್ದೆಯಾಗಿ ಕಾಣುತ್ತದೆ ಎಂದರು. ಎರಡನೆಯ ಬುಧವಾರ ಮೂರು ಹನಿಯನ್ನು ಎರಡಕ್ಕೆ ಇಳಿಸಬಹುದೇ ಎಂಬ ಚರ್ಚೆ ಆಯಿತು. ನಡುವಿನ ಹನಿ ತೆಗೆಯುವುದೋ ಪಕ್ಕದ್ದೋ ಎಂಬಲ್ಲಿಗೆ ಹೊತ್ತು ಮುಗಿಯಿತು.

ಎಳೆಯರೇ, ಕಚೇರಿಯಲ್ಲಿ ಯಾರೂ ಕೆಟ್ಟವರಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಎಲ್ಲರೂ ಅವರವರ ಹನಿಯನ್ನು ಕಾಯುತ್ತಿರುತ್ತಾರೆ.

ಅಷ್ಟರಲ್ಲಿ ಅಲ್ಲಿ ಬಿಸಿಲು ದಿನೇದಿನೇ ಏರುತ್ತಿತ್ತು. ಮುಂದಿನ ಬುಧವಾರದ ಹಿಂದಿನ ದಿನ ನಕ್ಷೆ ನೋಡಿದ ಬಸವರಾಜ ಸಿಳ್ಳೆ ಹಾಕುವುದನ್ನು ನಿಲ್ಲಿಸಿದ. ಮೂವತ್ತೆಂಟು ಡಿಗ್ರಿ, ಗಾಳಿ ಒಣ, ಗುಡುಗು ನೇರ ಗೋಪುರದ ದಿಣ್ಣೆಯ ಮೇಲೆ.

"ಅಕ್ಕಾರ, ಇವತ್ತ ಲಾರಿ ಇಲ್ಲಂದ್ರ ಆ ಅಮ್ಮನ ಗತಿ ಏನ್ರಿ?"

ಡೊಲೊರೆಸ್‌ಗೆ ಫೋನ್ ಮಾಡಿ, ಇಳಿದು ಊರಿಗೆ ಹೋಗಿಬಿಡು ಎಂದೆ. "ಹೊಗಿ ಕಾಂಬುಕೆ ನಾನಲ್ದೆ ಮತ್ಯಾರಿದ್ರ್? ಸಿಡ್ಲಿನ ದಿನವೇ ಇಳ್ದ್ ಹೋದ್ರೆ ಉಳಿದ ದಿನ ಇಪ್ಪುದ್ ಎಂತಕೆ?" ಎಂದು ಇಟ್ಟುಬಿಟ್ಟಳು.

ನಾವಿಬ್ಬರೂ ಚಿತ್ರಗಳ ಪಟ್ಟಿ ನೋಡುತ್ತಾ ಕೂತೆವು. ಮಂಜು ಒತ್ತಿದರೆ ಲಾರಿ ದೀಪ ಹಾಕಿಕೊಂಡು ಶಾಲೆಯ ಹತ್ತಿರ ನಿಲ್ಲುತ್ತದೆ. ಬಿರುಗಾಳಿ ಒತ್ತಿದರೆ ಶೆಡ್ಡಿನೊಳಗೆ ಹೋಗುತ್ತದೆ. ಬಸವರಾಜನ ಬೆರಳು ಕೊನೆಯ ಚಿತ್ರದ ಮೇಲೆ ನಿಂತಿತು.

"ಹಿಮ ಬಿದ್ರ ಎಲ್ಲಿಗೆ ಹೋಗತೈತ್ರಿ ಲಾರಿ?"

ಹಿಮ ಬಿದ್ದರೆ ಮರಳು ತುಂಬಿಕೊಂಡು ಎಲ್ಲಕ್ಕಿಂತ ಎತ್ತರದ ರಸ್ತೆಗೆ ಹೋಗಿ, ಹಿಮ ನಿಲ್ಲುವವರೆಗೂ ಅಲ್ಲೇ ಇರಬೇಕು. ಎಲ್ಲಕ್ಕಿಂತ ಎತ್ತರದ ರಸ್ತೆ ಗೋಪುರದ್ದು.

"ಬಸವರಾಜ, ಜೂನ್ ತಿಂಗಳು ಕಣಪ್ಪಾ."

"ಲಾರಿಗೆ ಕ್ಯಾಲೆಂಡರ್ ಓದಾಕ ಬರತೈತೇನ್ರಿ?"

ಒತ್ತಿದೆವು. ಯಂತ್ರ "ಖಚಿತವೇ?" ಎಂದು ಒಮ್ಮೆ ಕೇಳಿತು. ಹೌದು ಎಂದೆವು, ಅದಕ್ಕೆ ಬೇರೆ ಅನುಮಾನ ಬರಲಿಲ್ಲ. ಸಂದೇಶ ಹೊರಟಿತು: ಗರಿಷ್ಠ ಮೂವತ್ತೆಂಟು, ಹಿಮಪಾತ, ಬೆಚ್ಚಗೆ ಉಡುಪು ಧರಿಸಿ.

ಪಾಳಿ ಮುಗಿಸಿ ಹ್ಯಾರೋದಲ್ಲಿ ಟ್ಯೂಬ್ ಬದಲಿಸುವಾಗಲೂ ನನ್ನ ಕಣ್ಣೆದುರು ಅದೇ ಚಿತ್ರ. ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಮರುದಿನ ನಾಲ್ಕು ಗಂಟೆಗೆ ಚಹಾ ಬಂತು, ಫೋನು ಬರಲಿಲ್ಲ. ಅವಳು ಎಂದೂ ತಪ್ಪಿಸಿದವಳಲ್ಲ. ನಾನು ಅತ್ತ ಕರೆ ಮಾಡಿದರೆ ರಿಂಗ್ ಆಗಿ ಆಗಿ ನಿಂತಿತು. ಅದೇ ಹೊತ್ತಿಗೆ ಸಮಿತಿ. ಬಸವರಾಜನನ್ನು ಫೋನಿನ ಮುಂದೆ ಕೂರಿಸಿ ನಾನು ಗಾಜಿನ ಕೋಣೆಗೆ ಹೋದೆ. ಒಳಗೆ ಫಿಯೋನಾ ಎರಡು ಹನಿಯ ಚಿತ್ರ, ಎರಡೂವರೆ ಹನಿಯ ಚಿತ್ರ ಎರಡನ್ನೂ ಗೋಡೆಗೆ ಅಂಟಿಸಿದ್ದಳು. ನನ್ನ ಕಣ್ಣು ಗಾಜಿನ ಆಚೆ ಬಸವರಾಜನ ಮೇಲೆ.

"ಸುಮಿ, ನಿನ್ನ ಮತ ಯಾವುದಕ್ಕೆ?" ಎಂದ ಕ್ಲೈವ್.

ಆಗ ಬಸವರಾಜ ಫೋನ್ ಎತ್ತಿದ್ದು ಕಾಣಿಸಿತು. ಎದ್ದು ನಿಂತ. ತಲೆ ಮೇಲೆ ಕೈಯಿಟ್ಟ. ಮತ್ತೆ ಕೂತ. ನನ್ನ ಕಡೆ ತಿರುಗಿ, ಎರಡೂ ಕೈಯಲ್ಲಿ ಏನನ್ನೋ ನೆಲದಿಂದ ಎತ್ತಿ ಎತ್ತಿ ಎಸೆಯುವ ಹಾಗೆ ಮಾಡತೊಡಗಿದ.

"ಅವನಿಗೇನಾಯಿತು? ನಮ್ಮ ಸಮಿತಿಯನ್ನು ಆಡಿಕೊಳ್ಳುತ್ತಿದ್ದಾನೆಯೇ?" ಎಂದಳು ಫಿಯೋನಾ. ಗುದ್ದಲಿ, ಮರಳು, ಹೂಳುವುದು ಎಂದೆಲ್ಲ ನನ್ನ ತಲೆ ಎಲ್ಲೆಲ್ಲಿಗೋ ಹೋಗಿ, ಮತವನ್ನೂ ಹೇಳದೆ ಓಡಿದೆ.

"ಹ್ವಾಯ್!" ಫೋನಿನಲ್ಲಿ ಡೊಲೊರೆಸ್. ಗಂಟಲು ಹೊಗೆ ಕುಡಿದು ಕಟ್ಟಿತ್ತು. "ನಿನ್ನ ಹಿಮ ಬಂತ್ ಮಾರಾಯ್ತಿ."

ಆದದ್ದು ಇಷ್ಟು. ಹ್ಯಾಂಕ್ ಚಿತ್ರ ನೋಡಿ, ನೀರಿನ ಟ್ಯಾಂಕ್ ಇಳಿಸಿ, ಮರಳು ತುಂಬಿ, ನಿಯಮದ ಪ್ರಕಾರ ದಪ್ಪ ಕೋಟು, ಉಣ್ಣೆಯ ಟೊಪ್ಪಿ ಹಾಕಿಕೊಂಡು ಮೂವತ್ತೆಂಟು ಡಿಗ್ರಿಯಲ್ಲಿ ಗೋಪುರದ ಬುಡಕ್ಕೆ ಬಂದು, ಹಿಮ ಬೀಳುವುದನ್ನು ಕಾಯುತ್ತಾ ನಿಂತ. ಬೆವರು ಒರೆಸಿಕೊಳ್ಳುತ್ತಾ ನಮ್ಮನ್ನು ಬಯ್ಯುತ್ತಿರುವಾಗಲೇ ರಸ್ತೆ ಬದಿಯ ಜುನಿಪರ್ ಮರಕ್ಕೆ ಸಿಡಿಲು ಹೊಡೆಯಿತು. ಹುಲ್ಲು ಹೊತ್ತಿಕೊಂಡಿತು. ಹ್ಯಾಂಕ್ ಗುದ್ದಲಿ ಹಿಡಿದು ಮರಳು ಎರಚಿದ. ಅವಳು ಸ್ಟೂಲಿನಿಂದ ಇಳಿದು ಬಂದು ಇನ್ನೊಂದು ಗುದ್ದಲಿ ಹಿಡಿದಳು. ಒಂದು ಲಾರಿ ಮರಳು ಮುಗಿಯುವಷ್ಟರಲ್ಲಿ ಬೆಂಕಿ ಮುಗಿದಿತ್ತು. ಕಿಡಿ ಉಳಿದಿದೆಯೇ ಎಂದು ಬೆಳಗಿನವರೆಗೂ ಮರಳು ಕೆದಕಿ ನೋಡುತ್ತಿದ್ದುದರಿಂದ ಫೋನ್ ತಡವಾಯಿತು.

"ಆ ಹ್ಯಾಂಕ್ ಕೋಟೂ ತೆಗೀಲಿಲ್ಲ ಕಾಣ್," ಎಂದು ಅವಳು ಕೆಮ್ಮಿಕೊಂಡೇ ನಕ್ಕಳು. "ಚಿತ್ರದಲ್ಲಿ ಹಿಮ ಇನ್ನೂ ನಿಲ್ಲಲಿಲ್ಲ ಅಂಬ್ರ್."

ಕ್ಲೈವ್ ನಮ್ಮಿಬ್ಬರನ್ನೂ ಒಳಗೆ ಕರೆದ. ಮುಖ ಕೆಂಪಾಗಿತ್ತು. "ಮೂವತ್ತೆಂಟು ಡಿಗ್ರಿಗೆ ಹಿಮ! ನಮ್ಮ ಕಂಪನಿಯ ಹೆಸರಿನಲ್ಲಿ!"

ಬಸವರಾಜ ಮೆಲ್ಲಗೆ ಕೇಳಿದ, "ಯಾರಾದ್ರೂ ಫೋನ್ ಮಾಡಿ ಬಯ್ದ್ರಾ, ಸರ್?" ಅವನು ಅದನ್ನು ಇಂಗ್ಲಿಷಿನಲ್ಲೇ ಕೇಳಿದ್ದು, ಆದರೆ ರಾಯಚೂರು ಹಾಗೇ ಇತ್ತು.

ಕ್ಲೈವ್ ಯೋಚಿಸಿದ. ಯಾರೂ ಬಯ್ದಿರಲಿಲ್ಲ. ಸಂಘದ ಕಾರ್ಯದರ್ಶಿ ಫೋನ್ ಮಾಡಿ ಹಿಮದ ಸೂಚನೆ ಬಹಳ ಉಪಯೋಗಕ್ಕೆ ಬಂತು ಎಂದಿದ್ದ. ಕ್ಲೈವ್ ಮುಖದ ಕೆಂಪು ಇಳಿಯಿತು. "ಒಂದು ದೃಷ್ಟಿಯಿಂದ," ಎಂದ, "ಹಿಮವೂ ಮೇಲಿಂದ ಬೀಳುವ ನೀರೇ. ಸಿದ್ಧಾಂತಕ್ಕೆ ಭಂಗ ಬಂದಿಲ್ಲ." ಸಮಿತಿ, ತೊಂದರೆ ಬಗೆಹರಿದಿರುವುದರಿಂದ ಮೂರೂ ಹನಿಗಳು ಇರಲಿ ಎಂದು ತೀರ್ಮಾನಿಸಿತು. ಫಿಯೋನಾ ನಮಗೆಲ್ಲ ಕೇಕ್ ತಂದಳು.

ಅಂದಿನಿಂದ ಬೇಸಿಗೆಯ ಪ್ರತಿ ಒಣ ಗುಡುಗಿಗೂ ನಾವು ಹಿಮ ಕಳಿಸಿದೆವು. ಸಂಘದವರು ಒಂದು ಪ್ರಶ್ನೆ ಕೇಳಲಿಲ್ಲ. ಹಿಮದ ಚಿತ್ರ ಬಂದರೆ ಲಾರಿಯ ಮುಂಭಾಗದಲ್ಲಿ ಮರಳು, ಹಿಂಭಾಗದಲ್ಲಿ ನೀರು ಎಂದು ತಮ್ಮ ನಿಯಮಕ್ಕೆ ಒಂದು ಸಾಲು ಸೇರಿಸಿದರು, ಅಷ್ಟೇ. ಚಳಿಗಾಲದಲ್ಲಿ ನಿಜವಾದ ಹಿಮ ಬಂದಾಗ ಮಾತ್ರ ಪೇಚಾಟ. ಹಿಮ ಒತ್ತಿದರೆ ಲಾರಿ ನೀರು ಹೊತ್ತು, ಚಳಿಗಾಲದಲ್ಲಿ ಯಾರೂ ಇಲ್ಲದ ಗೋಪುರದ ಬುಡಕ್ಕೆ ಹೋಗಿ ನಿಲ್ಲುತ್ತದೆ, ಊರಿನ ರಸ್ತೆ ಜಾರುತ್ತದೆ. ಆಗ ಬಸವರಾಜ ಮೂರು ಹನಿಯ ಗುಡುಗು ಒತ್ತಿದ. ಲಾರಿ ಊರಲ್ಲೇ ಉಳಿಯಿತು, ಅಲ್ಲೇ ಮರಳು ಹಾಕಿತು. ಕೊಡೆ ಒಯ್ಯಿರಿ ಎಂಬ ಸಾಲಿಗೆ ಬೆಲೆ ಬಂದದ್ದು ಆ ಊರಿನಲ್ಲಿ ಬಹುಶಃ ಅದೊಂದೇ ಸಲ. ಹಿಮಕ್ಕೆ ಕೊಡೆ ಚೆನ್ನಾಗಿ ಆಗುತ್ತದಂತೆ.

ನಾನು ಕೆಲಸ ಬಿಟ್ಟದ್ದು ಅದರ ಮುಂದಿನ ಬೇಸಿಗೆ. ಕೊನೆಯ ವಾರ ಆ ವರ್ಷದ ಮೊದಲ ಒಣ ಗುಡುಗು ಬಂತು. ಹಿಮ ಒತ್ತಿದೆ. ಮರುದಿನ ಚಹಾ ಹೊತ್ತಿಗೆ ಸರಿಯಾಗಿ ಡೊಲೊರೆಸ್ ಫೋನು. ಸಿಡಿಲು ಎರಡು ಸಲ ಗೋಪುರಕ್ಕೇ ಹೊಡೆಯಿತಂತೆ, ಕಿಟಕಿಯ ಗಾಜು ಒಡೆಯಿತಂತೆ. ಬೇರೇನೂ ಆಗಲಿಲ್ಲ. ನಾನು ಕೆಲಸ ಬಿಡುತ್ತಿರುವುದನ್ನು ಹೇಳಿದೆ.

"ಇಷ್ಟ್ ವರ್ಷ ನಿಂಗೆ ಹೇಳ್ಲಿಲ್ಲ ಕಾಣ್," ಎಂದಳು. "ಗುಡುಗಿದ್ರೆ ನಂಗೆ ಜೀವ ಹೋಪಷ್ಟ್ ಹೆದ್ರಿಕೆ. ಸ್ಟೂಲ್ ಮೇಲೆ ಕಣ್ ಮುಚ್ಕಂಡೇ ಕೂಕಂಬುದ್. ಹೊಗಿ ಕಾಂಬುಕೆ ಸಂಬಳ ತಕಂಡ್ ಕಣ್ ಮುಚ್ಕಂಡ್ ಕೂತದ್ದ್ ಯಾರಿಗ್ ಹೇಳ್ಲಿ?"

"ನಿನ್ನೆಯೂ ಮುಚ್ಕೊಂಡೆಯಾ?"

"ಇಲ್ಲೆ ಮಾರಾಯ್ತಿ. ಕೆಳಗೆ ಆ ಹ್ಯಾಂಕ್ ಉಣ್ಣಿ ಟೊಪ್ಪಿ ಹಾಕಂಡ್ ನಿಂತಿದ್ದ. ಅದನ್ನ ಕಾಂತಾ ಕಣ್ಣ್ ಮುಚ್ಚೂಕೇ ಮರ್ತ್ ಹೋಯ್ತ್."